ಪೆನ್ಷನ್ ವಯಸ್ಸು 60 ಆದರೆ ನನ್ನ ಇಎಸ್‌ಐ ದುಡ್ಡು ನಿಲ್ಲುತ್ತಾ?

ಪ್ರಶ್ನೆ: ತುಮಕೂರಿನ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಪ್ರೆಸ್ ಮಷಿನ್‌ಗೆ ಸಿಕ್ಕಿ ಬಲಗೈಯ ಮೂರು ಬೆರಳು ಕಳೆದುಕೊಂಡೆ. ಕಾರ್ಮಿಕರ ವಿಮೆ ಇಎಸ್‌ಐನಿಂದ ತಿಂಗಳು ತಿಂಗಳು ದುಡ್ಡು ಬರುತ್ತಿದೆ. ಹೊಸ ಕಾನೂನು ಬಂದಿದೆ, ಪೆನ್ಷನ್ ವಯಸ್ಸು 58ರಿಂದ 60 ಆಗುತ್ತೆ ಅಂತ ಶಿಫ್ಟ್ ಬಿಡುವ ಹೊತ್ತಲ್ಲಿ ಎಲ್ಲರೂ ಮಾತಾಡುತ್ತಾರೆ. ನನ್ನ ದುಡ್ಡಿಗೆ ಕತ್ತರಿ ಬೀಳುತ್ತಾ?

ಉತ್ತರ: ಇಲ್ಲ. ಇಎಸ್‌ಐ ಕೊಡುವ ಶಾಶ್ವತ ಅಂಗವೈಕಲ್ಯದ ಹಣಕ್ಕೂ ನಿವೃತ್ತಿ ವಯಸ್ಸಿಗೂ ಸಂಬಂಧವೇ ಇಲ್ಲ. ನೀವು ಬದುಕಿರುವವರೆಗೂ ಅದು ನಿಮ್ಮದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾನೂನು, ಅಂದರೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸೌಲಭ್ಯ ಉಳಿದಿದೆ.

ಲೆಕ್ಕ ಹಾಕಿ ನೋಡಿದರೆ ನಿಮಗೇ ಧೈರ್ಯ ಬರುತ್ತೆ. ಒಂದು ಕೈಯ ಮೂರು ಬೆರಳು ಹೋದರೆ, ಕಾನೂನಿನ ಪಟ್ಟಿಯ ಪ್ರಕಾರ ದುಡಿಯುವ ಶಕ್ತಿ ಶೇ 30ರಷ್ಟು ಹೋದಂತೆ. ಅಪಘಾತದ ಹೊತ್ತಿಗೆ ನಿಮ್ಮ ದಿನದ ಸಂಬಳ ಸರಾಸರಿ 600 ರೂಪಾಯಿ ಇತ್ತು ಅಂದುಕೊಳ್ಳಿ. ಅದರ ಶೇ 90 ಅಂದರೆ 540. ಆ 540ರಲ್ಲಿ ಶೇ 30, ಅಂದರೆ ದಿನಕ್ಕೆ 162 ರೂಪಾಯಿ. ಈ ಲೆಕ್ಕದಲ್ಲಿ ಎಲ್ಲೂ ವಯಸ್ಸು ಬರಲಿಲ್ಲ, ಅಲ್ವಾ?

ಹಾಗಾದರೆ 58, 60 ಎಂಬ ಮಾತು ಎಲ್ಲಿಂದ ಬಂತು? ಅದು ಪಿಎಫ್ ಜೊತೆಗಿರುವ ಪೆನ್ಷನ್‌ನ ಮಾತು, ಅಂದರೆ ಇಪಿಎಸ್-95. ಹತ್ತು ವರ್ಷ ಸರ್ವೀಸ್ ಆಗಿದ್ದರೆ 58ಕ್ಕೆ ಅದು ಸಿಗುತ್ತೆ. ಬೇಕಿದ್ದವರು 60ರವರೆಗೆ ಮುಂದೆ ಹಾಕಬಹುದು. ಹಾಗೆ ಕಾದರೆ ವರ್ಷಕ್ಕೆ ಶೇ 4ರಷ್ಟು ಜಾಸ್ತಿ. ಇದು ಆಯ್ಕೆ, ಬಲವಂತ ಅಲ್ಲ.

ಇದೇ ಇಪಿಎಸ್‌ನಲ್ಲಿ ಇನ್ನೊಂದು ಬಾಗಿಲಿದೆ. ಅದು ಜನರಿಗೆ ಗೊತ್ತಾಗಲೇಬೇಕು. ಮೊದಲು ಮಾಡಬಲ್ಲವರಾಗಿದ್ದ ಯಾವ ಕೆಲಸವನ್ನೂ ಇನ್ನು ಮಾಡಲಾಗದಷ್ಟು ಪೂರ್ತಿ, ಶಾಶ್ವತ ಅಂಗವೈಕಲ್ಯ ಆದರೆ 58ರವರೆಗೆ ಕಾಯಬೇಕಿಲ್ಲ. ಹತ್ತು ವರ್ಷದ ಸರ್ವೀಸೂ ಬೇಡ. ಒಂದೇ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಅಪಘಾತ ಫ್ಯಾಕ್ಟರಿ ಒಳಗೇ ಆಗಿರಬೇಕೆಂದೂ ಇಲ್ಲ. ರಜೆಯಲ್ಲಿ ಊರಿಗೆ ಹೋಗುವಾಗ ಬೈಕಿಂದ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದವರಿಗೂ ಇದು ಅನ್ವಯಿಸುತ್ತೆ. ಮೆಡಿಕಲ್ ಬೋರ್ಡ್ ಪರೀಕ್ಷೆ ಮಾತ್ರ ಆಗಬೇಕು. ಈ ಪೆನ್ಷನ್ ಕೂಡ ಜೀವನಪೂರ್ತಿ.

ನನಗೆ ಭಯ ಇರುವುದು ನಿಮ್ಮಂಥವರ ಬಗ್ಗೆ. ಮೂರು ಬೆರಳು ಹೋಗಿವೆ, ಆದರೆ "ಪೂರ್ತಿ" ಅಲ್ಲ. ಹಾಗಾಗಿ ಆ ಬಾಗಿಲು ತೆರೆಯುವುದಿಲ್ಲ. ಐವತ್ತು ದಾಟಿದ ಮೇಲೆ ಉಳಿದ ಕೈಯೂ ಸೋತರೆ ಏನು ಮಾಡುತ್ತೀರಿ? ಕೆಲಸ ಬಿಟ್ಟು 50ರಿಂದಲೇ ಪೆನ್ಷನ್ ತಗೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಮ್ಮಿಯೋ ವರ್ಷಕ್ಕೆ ಶೇ 4ರಂತೆ ಕಡಿತ. ಮುಂದೆಂದಾದರೂ 60 ಅಂತಲೇ ಗಟ್ಟಿ ಮಾಡಿದರೆ, ಇನ್ನೆರಡು ವರ್ಷದ ಕಡಿತ ನಿಮ್ಮ ತಲೆಗೆ ಬೀಳಬಹುದು. ಗಟ್ಟಿಮುಟ್ಟಾದವನು 60ರವರೆಗೆ ದುಡಿದಾನು. ಗಾಯಗೊಂಡ ಕೈಗೆ ಆ ಎರಡು ವರ್ಷ ತುಂಬಾ ಭಾರ. ಸುಧಾರಣೆ ಮಾಡುವವರು ಇವರಿಗೆ ಕಡಿತವಿಲ್ಲದ ದಾರಿ ಇಡಲೇಬೇಕು. ಕನಿಷ್ಠ ಪೆನ್ಷನ್ 2014ರಲ್ಲಿ 1,000 ರೂಪಾಯಿ ಅಂತ ನಿಗದಿ ಆಗಿದ್ದು. ಅಷ್ಟರಲ್ಲಿ ಇನ್ನೇನು ಕಡಿಯುತ್ತೀರಿ?

ಸರ್ಕಾರದ ಅಂಗವಿಕಲರ ಮಾಸಾಶನ ಬೇರೆಯೇ ಹಣ. ಅದಕ್ಕೆ ಶೇ 40 ಅಂಗವೈಕಲ್ಯ ಇರಬೇಕು, ಮನೆಯ ಆದಾಯವನ್ನೂ ನೋಡುತ್ತಾರೆ. ಇಎಸ್‌ಐ ಹೇಳುವ ಶೇ 30 ಬೇರೆ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಶೇಕಡಾ ಬೇರೆ. ಎರಡನ್ನೂ ಬೆರೆಸಬೇಡಿ.

ಇನ್ನು ದುಡ್ಡು ನಿಂತಿತು ಅಂತ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರದ್ದು ಕಾನೂನಿನ ತೊಂದರೆ ಅಲ್ಲ, ಬದುಕಿದ್ದೇವೆ ಅಂತ ತೋರಿಸುವ ಜೀವಿತ ಪ್ರಮಾಣಪತ್ರದ್ದು. ನಮ್ಮ ಚಿಕ್ಕಪ್ಪ ಹೋದ ವರ್ಷ ಇಪಿಎಸ್ ಪೆನ್ಷನ್‌ಗಾಗಿ ಅದನ್ನು ಕೊಡಲು ಹೋಗಿದ್ದರು. ಲೇತ್ ಮಷಿನ್‌ನಲ್ಲಿ ದುಡಿದೂ ದುಡಿದೂ ಬೆರಳ ಗೆರೆ ಸವೆದಿವೆ. ಬೆರಳನ್ನು ಪಂಚೆಗೆ ಒರೆಸಿ ಒರೆಸಿ ಇಟ್ಟರು, ಯಂತ್ರದಲ್ಲಿ ಪ್ರತಿ ಸಲ ಕೆಂಪು ದೀಪವೇ. "ನಾಳೆ ಬನ್ನಿ" ಅಂದರು. ಬೆರಳಿಲ್ಲದ ನಿಮಗೆ ಮುಂದೆ ಇದೇ ಕಷ್ಟ ಬರಬಹುದು. ಆದರೆ ಮುಖ ತೋರಿಸಿಯೂ ಈ ಪತ್ರ ಕೊಡಬಹುದು. ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎಂಬ ಎರಡು ಆ್ಯಪ್ ಮೊಬೈಲ್‌ಗೆ ಹಾಕಿಕೊಂಡರಾಯಿತು. ಚಿಕ್ಕಪ್ಪನನ್ನು ಮನೆ ಜಗಲಿಯಲ್ಲಿ ಬೆಳಕಿಗೆ ಕೂರಿಸಿ ನಾನೇ ಫೋನ್ ಹಿಡಿದೆ. ಕಣ್ಣು ಮಿಟುಕಿಸಿ ಅಂತ ಬಂತು. ಮಿಟುಕಿಸಿದರು. ಆಗಿಹೋಯಿತು.