ಗೆಲ್ಲುತ್ತಿದ್ದ ತೂಕ ಬಿಟ್ಟು ಬಾಕ್ಸರ್‌ಗಳು ಮೇಲಕ್ಕೆ ಯಾಕೆ ಹೋಗುತ್ತಾರೆ?

ಓದುಗರ ಪ್ರಶ್ನೆ: ಬಾಕ್ಸಿಂಗ್‌ನಲ್ಲಿ ಸಣ್ಣ ತೂಕದ ಚಾಂಪಿಯನ್‌ಗಳು ವರ್ಷಗಟ್ಟಲೆ ಸೋಲೇ ಇಲ್ಲದೆ ಗೆಲ್ಲುತ್ತಿರುತ್ತಾರೆ. ಆಮೇಲೆ ಮೇಲಿನ ತೂಕಕ್ಕೆ ಹೋಗಿ, ತಮಗಿಂತ ದೊಡ್ಡವರ ಕೈಲಿ ಹೊಡೆತ ತಿಂದು ಸೋಲುತ್ತಾರೆ. ಇದ್ದಲ್ಲೇ ಇದ್ದರೆ ಆಗಲ್ವಾ?

ಆಗುತ್ತದೆ, ಕೆಲವರು ಹಾಗೆ ಇದ್ದಾರೆ ಕೂಡ. ಆದರೆ ಹೆಚ್ಚಿನವರನ್ನು ದೇಹ ಇರಲು ಬಿಡುವುದಿಲ್ಲ. ದೇಹ ಬಿಟ್ಟರೂ ದುಡಿಮೆ ಬಿಡುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನಿಕರಾಗುವಾ ದೇಶದ ರೋಮನ್ ಗೊನ್ಸಾಲೆಸ್ ಅವರ ಬದುಕಿಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಬಾಕ್ಸಿಂಗ್ ಲೋಕ ಅವರನ್ನು ಪ್ರೀತಿಯಿಂದ ‘ಚೊಕೊಲಾಟಿಟೊ’ ಅನ್ನುತ್ತದೆ. ಹುಟ್ಟಿದ್ದು 1987ರಲ್ಲಿ, ಮನಾಗುವಾ ನಗರದಲ್ಲಿ. ವೃತ್ತಿಪರ ಬಾಕ್ಸರ್ ಆದದ್ದು 2005ರಲ್ಲಿ.

ಮೊದಲು ತೂಕದ ಲೆಕ್ಕ ನೋಡೋಣ. ಬಾಕ್ಸಿಂಗ್‌ನ ಅತಿ ಸಣ್ಣ ವಿಭಾಗ ಮಿನಿಮಮ್‌ವೇಟ್. ಅದರ ಮಿತಿ 47.6 ಕೆಜಿ. ಅದರ ಮೇಲೆ ಲೈಟ್ ಫ್ಲೈವೇಟ್, 49 ಕೆಜಿ. ಫ್ಲೈವೇಟ್ 50.8, ಸೂಪರ್ ಫ್ಲೈವೇಟ್ 52.2. ಅಂದರೆ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಎರಡು ಕೆಜಿಯೂ ಇಲ್ಲ. ದೊಡ್ಡವರ ಕಡೆ ನೋಡಿ, ಲೈಟ್ ಹೆವಿವೇಟ್‌ನಿಂದ ಕ್ರೂಸರ್‌ವೇಟ್‌ಗೆ ಹೋಗಬೇಕಾದರೆ ನಡುವೆ 11 ಕೆಜಿ ಅಂತರವಿದೆ. ಹಾಗಾಗಿ ಕೆಳಗಿರುವವರಿಗೆ ಮೇಲಿನ ವಿಭಾಗ ಯಾವಾಗಲೂ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ.

ಆದರೆ ಅದು ಕಾಣುವಷ್ಟು ಹತ್ತಿರವಲ್ಲ. ಮಿನಿಮಮ್‌ವೇಟ್‌ನಿಂದ ಸೂಪರ್ ಫ್ಲೈವೇಟ್‌ಗೆ ಹೋಗುವಾಗ 4.6 ಕೆಜಿ ಕೂಡುತ್ತದೆ. ಸಣ್ಣ ಮನುಷ್ಯನಿಗೆ ಅದು ಮೈತೂಕದ ಹತ್ತಿರ ಹತ್ತಿರ ಶೇ 10. 75 ಕೆಜಿ ಇರುವವರು ಮೈಗೆ 7 ಕೆಜಿ ಸೇರಿಸಿಕೊಂಡು, ಹುಟ್ಟಿನಿಂದಲೇ ಅಷ್ಟು ದಪ್ಪ ಮೂಳೆ ಇರುವವರ ಜೊತೆ ಗುದ್ದಾಡಿದಂತೆ. ನಮ್ಮ ಮೇರಿ ಕೋಮ್ ಅವರೂ ಇದೇ ಕಷ್ಟ ಪಟ್ಟರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 51 ಕೆಜಿಗಿಂತ ಕೆಳಗಿನ ವಿಭಾಗವೇ ಇರಲಿಲ್ಲ. ಅದಕ್ಕಿಂತ ಕಡಿಮೆ ತೂಕದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಅವರು ಮೇಲಕ್ಕೆ ಬಂದು, ತಮಗಿಂತ ಎತ್ತರದವರ ಜೊತೆ ಆಡಿ ಕಂಚು ತಂದರು.

ಹಾಗಿದ್ದರೆ ಹೋಗುವುದು ಯಾಕೆ?

ಎಲ್ಲಕ್ಕಿಂತ ದೊಡ್ಡ ಕಾರಣ ದೇಹ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಬಾಕ್ಸರ್‌ಗಳು ಅಷ್ಟು ಹೊತ್ತಿಗೆ ಮೈಯ ನೀರನ್ನೆಲ್ಲ ಬೆವರಾಗಿ ಇಳಿಸಿಕೊಂಡಿರುತ್ತಾರೆ. ಊಟ ಅಷ್ಟಕ್ಕಷ್ಟೆ, ಉಪ್ಪು ಬಿಟ್ಟಿರುತ್ತಾರೆ, ಕೊನೆಗೆ ನೀರನ್ನೂ ಬಿಡುತ್ತಾರೆ. ತೂಕ ಮುಗಿದ ಮೇಲೆ ಕುಡಿದು ತಿಂದು, ಮರುದಿನ ಕೆಲವು ಕೆಜಿ ಜಾಸ್ತಿಯಾಗಿಯೇ ರಿಂಗ್‌ಗೆ ಇಳಿಯುತ್ತಾರೆ. ಇಪ್ಪತ್ತರ ಹುಡುಗನಿಗೆ ಇದು ಹೇಗೋ ನಡೆಯುತ್ತದೆ. ಇಪ್ಪತ್ತೈದು ದಾಟಿದಂತೆ ಮೈ ತುಂಬಿಕೊಳ್ಳುತ್ತದೆ, ಇಳಿಸಲು ಕೊಬ್ಬು ಇರುವುದಿಲ್ಲ. ಆಮೇಲೆ ಇಳಿಯುವುದು ಶಕ್ತಿಯೇ. ನೀರು ಕಡಿಮೆಯಾದ ಮೈಯಲ್ಲಿ ತಲೆಗೆ ಹೊಡೆತ ತಿನ್ನುವುದು ಜೀವಕ್ಕೇ ಅಪಾಯ. ಈ ಆಟದಲ್ಲಿ ನನಗೆ ಅತಿ ಹೆಚ್ಚು ಸಂಕಟ ತರುವ ವಿಷಯ ಇದೇ.

ಮ್ಯಾನಿ ಪ್ಯಾಕಿಯಾವೊ ಹೆಸರು ಎಲ್ಲರಿಗೂ ಗೊತ್ತು. 1998ರಲ್ಲಿ ಅವರು ಫ್ಲೈವೇಟ್ ಚಾಂಪಿಯನ್ ಆದರು. ಮರುವರ್ಷ ಥಾಯ್ಲೆಂಡ್‌ನಲ್ಲಿ ತೂಕ ಇಳಿಸಲಾಗದೆ ಪಟ್ಟವನ್ನು ತಕ್ಕಡಿಯ ಮೇಲೇ ಕಳೆದುಕೊಂಡರು. ಆ ಪಂದ್ಯದಲ್ಲಿ ಮೂರನೇ ರೌಂಡ್‌ಗೆ ಬಿದ್ದೂಬಿಟ್ಟರು. ಅವರು ಅಲ್ಲೇ ಹಟ ಹಿಡಿದು ಕೂತಿದ್ದರೆ ನಾವು ಇವತ್ತು ಅವರ ಹೆಸರು ಕೇಳುತ್ತಿರಲಿಲ್ಲ. 2001ರಲ್ಲಿ 55.3 ಕೆಜಿಯ ಸೂಪರ್ ಬ್ಯಾಂಟಮ್‌ವೇಟ್‌ನಲ್ಲಿ ಮತ್ತೆ ಪಟ್ಟ ಗೆದ್ದರು, ಕೊನೆಗೆ ಎಂಟು ವಿಭಾಗಗಳ ಚಾಂಪಿಯನ್ ಆದರು.

ಇನ್ನು ದುಡ್ಡು. ಸಣ್ಣ ತೂಕದ ಪಂದ್ಯಗಳಿಗೆ ಜಪಾನ್, ಥಾಯ್ಲೆಂಡ್, ಫಿಲಿಪ್ಪೀನ್ಸ್, ಮೆಕ್ಸಿಕೊ ದೇಶಗಳಲ್ಲಿ ಒಳ್ಳೆಯ ಜನ ಇದ್ದಾರೆ. ಆದರೆ ದೊಡ್ಡ ಮೊತ್ತ ಕೊಡುತ್ತಿದ್ದ ಅಮೆರಿಕದ ಟಿವಿ ಬಹಳ ಕಾಲ ಇವರ ಕಡೆ ತಿರುಗಿಯೂ ನೋಡಲಿಲ್ಲ. ಗೊನ್ಸಾಲೆಸ್ ಅವರನ್ನೇ ನೋಡಿ. 2008ರಲ್ಲಿ ಯೊಕೊಹಾಮಾದಲ್ಲಿ ಯುಟಾಕಾ ನಿಡಾ ಅವರನ್ನು ನಾಲ್ಕೇ ರೌಂಡ್‌ಗೆ ನಿಲ್ಲಿಸಿ ಮಿನಿಮಮ್‌ವೇಟ್ ಪಟ್ಟ ಗೆದ್ದರು. 2010ರಲ್ಲಿ ಲೈಟ್ ಫ್ಲೈವೇಟ್. 2014ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಅಕಿರಾ ಯೇಗಾಶಿ ಅವರನ್ನು ಒಂಬತ್ತನೇ ರೌಂಡ್‌ನಲ್ಲಿ ನಿಲ್ಲಿಸಿ ಫ್ಲೈವೇಟ್. ಮೂರು ತೂಕದ ಚಾಂಪಿಯನ್ ಆದಮೇಲೆ, 2015ರ ಮೇ ತಿಂಗಳಲ್ಲಿ, ಅಮೆರಿಕದ ಎಚ್‌ಬಿಒ ಟಿವಿಯಲ್ಲಿ ಅವರ ಮೊದಲ ಪಂದ್ಯ ಬಂತು. ಅದೂ ಮಿಡಲ್‌ವೇಟ್ ಚಾಂಪಿಯನ್ ಗೆನ್ನಡಿ ಗೊಲೊವ್ಕಿನ್ ಅವರ ಪಂದ್ಯಕ್ಕೆ ಮುಂಚಿನ ಪಂದ್ಯವಾಗಿ. ಅದೇ ವರ್ಷ, ಆವರೆಗೆ ಮೊದಲ ಸ್ಥಾನದಲ್ಲಿದ್ದ ಫ್ಲಾಯ್ಡ್ ಮೇವೆದರ್ ನಿವೃತ್ತಿ ಹೇಳಿದಾಗ ‘ದಿ ರಿಂಗ್’ ಪತ್ರಿಕೆ ಎಲ್ಲ ತೂಕಗಳನ್ನೂ ಲೆಕ್ಕಕ್ಕೆ ಹಿಡಿದು ಜಗತ್ತಿನ ಮೊದಲನೇ ಬಾಕ್ಸರ್ ಅಂತ ಗೊನ್ಸಾಲೆಸ್ ಅವರನ್ನೇ ಹೆಸರಿಸಿತು. ಆಗ ಅವರ ತೂಕ 50.8 ಕೆಜಿ! ಇಷ್ಟಾದ ಮೇಲೆ ದೊಡ್ಡ ಪಂದ್ಯ ಬೇಕಲ್ವಾ? ಹೆಸರಿರುವ ಎದುರಾಳಿಗಳು ಇದ್ದದ್ದು ಒಂದು ಮೆಟ್ಟಿಲು ಮೇಲೆ.

ಗೊನ್ಸಾಲೆಸ್ ಅವರಿಗೆ ಇನ್ನೊಂದು ಕಾರಣವೂ ಇತ್ತು. ಅವರಿಗೆ ಎಳೆಯ ವಯಸ್ಸಿನಲ್ಲಿ ಪಾಠ ಹೇಳಿಕೊಟ್ಟವರು ಅಲೆಕ್ಸಿಸ್ ಅರ್ಗುಯೆಲ್ಲೊ. ನಿಕರಾಗುವಾದ ಮನೆಮನೆಯ ಹೆಸರು ಅದು. ಮೂರು ತೂಕಗಳಲ್ಲಿ ಚಾಂಪಿಯನ್ ಆಗಿದ್ದ ಅವರು ನಾಲ್ಕನೆಯದಕ್ಕಾಗಿ 1982ರಲ್ಲಿ ಮಯಾಮಿಯಲ್ಲಿ ಆರನ್ ಪ್ರಯರ್ ಎದುರು ನಿಂತರು. 14ನೇ ರೌಂಡ್‌ನಲ್ಲಿ ಸೋತರು. ಮರುವರ್ಷ ಮತ್ತೆ ಅವರ ಎದುರೇ ಸೋತರು. 2009ರಲ್ಲಿ ಅರ್ಗುಯೆಲ್ಲೊ ತೀರಿಕೊಂಡಾಗ ಅವರು ಮನಾಗುವಾದ ಮೇಯರ್. ಗುರುವಿಗೆ ದಕ್ಕದ ನಾಲ್ಕನೇ ಪಟ್ಟ ಶಿಷ್ಯನಿಗೆ ಎಷ್ಟು ದೊಡ್ಡದಾಗಿ ಕಂಡಿರಬೇಕು ಅಂತ ಯೋಚಿಸಿ. ದುಡ್ಡಿನಾಸೆ ಅಂತ ಸುಮ್ನೆ ಹೇಳಿಬಿಡುವವರ ಮೇಲೆ ನನಗೆ ಬೇಸರ ಬರುವುದು ಇದಕ್ಕೇ.

ಆ ಪಟ್ಟ ಸಿಕ್ಕಿತು. 2016ರ ಸೆಪ್ಟೆಂಬರ್ 10ರಂದು ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ ಕಾರ್ಲೊಸ್ ಕ್ವಾಡ್ರಾಸ್ ಅವರನ್ನು ಸೋಲಿಸಿ ಗೊನ್ಸಾಲೆಸ್ ಸೂಪರ್ ಫ್ಲೈವೇಟ್ ಚಾಂಪಿಯನ್ ಆದರು. ನಾಲ್ಕು ತೂಕ ಗೆದ್ದ ಮೊದಲ ನಿಕರಾಗುವಾದವರು. ಆದರೆ ಗೆದ್ದವರ ಮುಖ ನೋಡಿದರೆ ಹೊಟ್ಟೆ ಕಿವುಚುತ್ತಿತ್ತು, ಅಷ್ಟು ಊದಿತ್ತು. ಕೆಳಗಿನ ತೂಕಗಳಲ್ಲಿ ಅವರ ಗುದ್ದು ಬಿದ್ದರೆ ಎದುರಾಳಿ ಮುದುಡಿಕೊಳ್ಳುತ್ತಿದ್ದರು. ಕ್ವಾಡ್ರಾಸ್ ಅದೇ ಗುದ್ದು ತಿಂದು ತಿರುಗಿ ಹೊಡೆದರು, ಹನ್ನೆರಡೂ ರೌಂಡ್ ನಿಂತರು. ಗೊನ್ಸಾಲೆಸ್ ಅವರ ಕೈಚಳಕ ಕಡಿಮೆ ಆಗಿರಲಿಲ್ಲ, ಎದುರಿನ ದೇಹ ದೊಡ್ಡದಾಗಿತ್ತು. ಎರಡು ತಿಂಗಳಲ್ಲಿ ಅವರ ಬಹುಕಾಲದ ತರಬೇತುದಾರ ಅರ್ನುಲ್ಫೊ ಒಬಾಂಡೊ ತೀರಿಕೊಂಡರು.

2017ರ ಮಾರ್ಚ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ, ಥಾಯ್ಲೆಂಡ್‌ನ ಶ್ರೀಸಾಕೆತ್ ಎದುರಿಗೆ ಬಂದರು. ಮೊದಲ ರೌಂಡ್‌ನಲ್ಲೇ ಗೊನ್ಸಾಲೆಸ್ ಕೆಳಗೆ ಬಿದ್ದರು. ತಲೆಗೆ ತಲೆ ತಾಗಿ ರಕ್ತ ಸುರಿಯಿತು. ಆದರೂ ಎದ್ದು, ಎದುರಾಳಿಗಿಂತ ಹೆಚ್ಚು ಗುದ್ದು ಕೊಟ್ಟರು. ಇಬ್ಬರು ತೀರ್ಪುಗಾರರು 114-112 ಅಂತ ಶ್ರೀಸಾಕೆತ್‌ಗೆ ಕೊಟ್ಟರು, ಮೂರನೆಯವರು ಸಮ ಅಂದರು. 46 ಪಂದ್ಯ ಗೆದ್ದವರಿಗೆ ಅದು ಮೊದಲ ಸೋಲು. ಗೊನ್ಸಾಲೆಸ್ ಗೆದ್ದಿದ್ದರು ಅಂತ ಹೇಳುವವರು ಬಹಳ ಮಂದಿ, ನಾನೂ ಅವರಲ್ಲಿ ಒಬ್ಬ. ಸೆಪ್ಟೆಂಬರ್‌ನ ಮರುಪಂದ್ಯದಲ್ಲಿ ಮಾತ್ರ ಅನುಮಾನಕ್ಕೆ ಜಾಗವೇ ಇರಲಿಲ್ಲ. ಗೊನ್ಸಾಲೆಸ್ ನಾಲ್ಕನೇ ರೌಂಡ್‌ನಲ್ಲಿ ಎರಡು ಸಲ ಬಿದ್ದರು, ಎರಡನೇ ಸಲ ಏಳಲಿಲ್ಲ.

ಓದುಗರು ಕೇಳುವುದು ಈ ರಾತ್ರಿಯನ್ನು ನೆನೆದೇ. ಇದ್ದಲ್ಲೇ ಇದ್ದವರ ಉದಾಹರಣೆ ಬೇಕಾದರೆ ಮೆಕ್ಸಿಕೊದ ರಿಕಾರ್ಡೊ ಲೋಪೆಸ್ ಇದ್ದಾರೆ. 1990ರಲ್ಲಿ ಮಿನಿಮಮ್‌ವೇಟ್ ಪಟ್ಟ ಗೆದ್ದು, ಎಂಟು ವರ್ಷಕ್ಕೂ ಹೆಚ್ಚು ಅದೇ ತೂಕದಲ್ಲಿ ಆಳಿ, ಕೊನೆಯಲ್ಲಿ ಒಂದೇ ಮೆಟ್ಟಿಲು ಹತ್ತಿ, ಒಂದೂ ಸೋಲಿಲ್ಲದೆ ನಿವೃತ್ತರಾದರು. ಅವರ ನೇರವಾದ, ಸ್ವಚ್ಛವಾದ ಆಟ ನೋಡಿದವರು ಮರೆಯುವುದಿಲ್ಲ. ಆದರೆ ನೋಡಿದವರೇ ಕಡಿಮೆ. ಅಷ್ಟು ದೊಡ್ಡ ಆಟಗಾರನ ಹೆಸರು ಬಾಕ್ಸಿಂಗ್ ಪ್ರಿಯರ ಆಚೆ ಹೋಗಲೇ ಇಲ್ಲ. ಅವರ ದೇಹ ವರ್ಷಗಟ್ಟಲೆ ಆ ತೂಕಕ್ಕೆ ಒಪ್ಪಿದ್ದು ಕೂಡ ಅಪರೂಪದ ಅದೃಷ್ಟ.

ಮೇಲಕ್ಕೆ ಹೋದವರೆಲ್ಲ ಮುಗಿದೇ ಹೋಗುತ್ತಾರೆ ಅನ್ನುವುದೂ ತಪ್ಪು. ಜಪಾನ್‌ನ ನಾವೊಯಾ ಇನೊವೆ 2014ರಲ್ಲಿ ಲೈಟ್ ಫ್ಲೈವೇಟ್ ಚಾಂಪಿಯನ್ ಆಗಿದ್ದವರು. 2023ರ ಕೊನೆಗೆ 55.3 ಕೆಜಿಯ ಸೂಪರ್ ಬ್ಯಾಂಟಮ್‌ವೇಟ್‌ನಲ್ಲಿ ಪಟ್ಟ ಕೊಡುವ ನಾಲ್ಕೂ ಸಂಸ್ಥೆಗಳ ಬೆಲ್ಟ್ ಅವರ ಹತ್ತಿರವೇ ಇದ್ದವು. ಗುದ್ದಿನ ಜೋರು ಅವರ ಜೊತೆಗೇ ಮೇಲೆ ಬಂತು. ಅಂಥವರು ಕಡಿಮೆ.

ಗೊನ್ಸಾಲೆಸ್ ಕೂಡ ಎದ್ದು ಬಂದರು, ಅದೂ ಅದೇ ತೂಕದಲ್ಲಿ. 2020ರ ಫೆಬ್ರವರಿಯಲ್ಲಿ, ಆವರೆಗೆ ಸೋಲು ಕಾಣದ ಬ್ರಿಟನ್ನಿನ ಖಾಲಿದ್ ಯಾಫಾಯ್ ಅವರನ್ನು ಒಂಬತ್ತನೇ ರೌಂಡ್‌ನಲ್ಲಿ ಕೆಡವಿ ಮತ್ತೆ ಚಾಂಪಿಯನ್ ಆದರು. 2021ರ ಮಾರ್ಚ್‌ನಲ್ಲಿ ಡಲ್ಲಾಸ್‌ನಲ್ಲಿ ಹುವಾನ್ ಫ್ರಾನ್ಸಿಸ್ಕೊ ಎಸ್ಟ್ರಾಡಾ ಜೊತೆ ಆಡಿದ ಪಂದ್ಯದಲ್ಲಿ ಇಬ್ಬರೂ ಸೇರಿ 2,500ಕ್ಕೂ ಹೆಚ್ಚು ಗುದ್ದು ಎಸೆದರು. ತೀರ್ಪುಗಾರರಲ್ಲಿ ಒಮ್ಮತವಿಲ್ಲದೆ, ಗೆಲುವು ಎಸ್ಟ್ರಾಡಾಗೆ ಹೋಯಿತು. ಒಬ್ಬ ತೀರ್ಪುಗಾರರು 117-111 ಅಂತ ಬರೆದದ್ದಕ್ಕೆ ಬಾಕ್ಸಿಂಗ್ ಲೋಕ ಸಿಟ್ಟಾಯಿತು. ಆ ಸಿಟ್ಟು ನ್ಯಾಯವಾದದ್ದು. ಇದೇ ಎಸ್ಟ್ರಾಡಾ ಅವರನ್ನು 2012ರಲ್ಲಿ 49 ಕೆಜಿ ವಿಭಾಗದಲ್ಲಿ ಗೊನ್ಸಾಲೆಸ್ ಸೋಲಿಸಿದ್ದರು.

ತೂಕ ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ 2014ರ ಯೇಗಾಶಿ ಪಂದ್ಯವನ್ನೂ 2016ರ ಕ್ವಾಡ್ರಾಸ್ ಪಂದ್ಯವನ್ನೂ ಒಂದಾದ ಮೇಲೆ ಒಂದು ನೋಡಿ. ಗೊನ್ಸಾಲೆಸ್ ಅವರನ್ನು ಬಿಟ್ಟು, ಗುದ್ದು ಬಿದ್ದ ಮರುಕ್ಷಣ ಎದುರಾಳಿಯ ಕಾಲುಗಳು ಏನು ಮಾಡುತ್ತವೆ ಅಂತ ಗಮನಿಸಿ. ಮೊದಲನೆಯದರಲ್ಲಿ ಕಾಲು ಹಿಂದಕ್ಕೆ ಸರಿಯುತ್ತದೆ, ಎರಡನೆಯದರಲ್ಲಿ ನಿಂತಲ್ಲೇ ನಿಲ್ಲುತ್ತದೆ.