ಕಿರುಬೆರಳಿಗೆ ಜಾಗ ಇದೆಯಾ?

ಹೊಸ ಕ್ಯಾಮೆರಾ ಕೈಗೆ ಬಂದಾಗ ನಾನು ಮೊದಲು ಅದನ್ನು ಆನ್ ಮಾಡುವುದಿಲ್ಲ. ದಿನಾ ಬಳಸುವ ಲೆನ್ಸ್‌ಗಳಲ್ಲಿ ಭಾರದ್ದು ಯಾವುದೋ ಅದನ್ನು ಹಾಕುತ್ತೇನೆ. ಬಲಗೈಯಲ್ಲಿ ಹಿಡಿದು, ಕೈ ಕೆಳಗೆ ಇಳಿಬಿಟ್ಟು, ಹತ್ತು ನಿಮಿಷ ಸುಮ್ನೆ ಓಡಾಡುತ್ತೇನೆ. ಅಷ್ಟರಲ್ಲಿ ಕಿರುಬೆರಳು ತನ್ನ ತೀರ್ಪು ಹೇಳಿರುತ್ತದೆ.

ಸಣ್ಣ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಮೈಯೇ ಬಾಡಿ) ಎಷ್ಟೋ ಸಲ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಅದು ಜಾರಿ ತಳದ ಕೆಳಗೆ ಮಡಚಿಕೊಳ್ಳುತ್ತದೆ. ನೋಡಲು ಚಿಕ್ಕ ವಿಷಯ. ಆದರೆ ಏನನ್ನಾದರೂ ಬಿಗಿಯಾಗಿ ಹಿಡಿಯುವಾಗ ಉಂಗುರ ಬೆರಳು, ಕಿರುಬೆರಳುಗಳ ಪಾಲು ದೊಡ್ಡದು. ಸುತ್ತಿಗೆ ಹಿಡಿದು ದುಡಿಯುವವರನ್ನು ಕೇಳಿ, ಹೇಳುತ್ತಾರೆ. ಕಿರುಬೆರಳಿನ ಪಾಲಿನ ಕೆಲಸ ಹೆಬ್ಬೆರಳಿನ ಬುಡಕ್ಕೂ ತೋರುಬೆರಳಿಗೂ ಬೀಳುತ್ತದೆ. ತೋರುಬೆರಳು ಯಾವ ಭಾರವನ್ನೂ ಹೊರಬಾರದು. ಶಟರ್ ಬಟನ್ ಮೇಲೆ ಹಗುರಾಗಿ ಕೂತು ಕಾಯುವುದಷ್ಟೇ ಅದರ ಕೆಲಸ. ಹಿಡಿತಕ್ಕೂ ಅದೇ ಬೆರಳು ಬೇಕಾದರೆ, ಬಟನ್ ಒತ್ತುವ ಗಳಿಗೆಯಲ್ಲಿ ಇಡೀ ಕ್ಯಾಮೆರಾ ಕೊಂಚ ಕೆಳಗೆ ಬಾಗುತ್ತದೆ. ಲೆನ್ಸ್ ಸರಿಯಿಲ್ಲ, ಫೋಟೋ ಶಾರ್ಪ್ ಬರ್ತಿಲ್ಲ ಎಂದು ನನ್ನ ಹತ್ತಿರ ಬಂದ ಹಲವರ ತೊಂದರೆ ಇಷ್ಟೇ ಆಗಿತ್ತು.

ಹಾಗೆಯೇ ಗ್ರಿಪ್‌ಗೂ, ಅಂದರೆ ಬೆರಳು ಸುತ್ತಿ ಹಿಡಿಯುವ ಉಬ್ಬಿಗೂ, ಲೆನ್ಸ್‌ಗೂ ನಡುವಿನ ಸಂದಿಯನ್ನೂ ನೋಡಿ. ದಪ್ಪ ಲೆನ್ಸ್ ಹಾಕಿದಾಗ ಬೆರಳ ಗೆಣ್ಣುಗಳು ಅದಕ್ಕೆ ಒತ್ತಿಕೊಳ್ಳುತ್ತವಾ? ಅಂಗಡಿಯಲ್ಲಿ ಚಿಕ್ಕ ಲೆನ್ಸ್ ಹಾಕಿ ಕೊಟ್ಟರೆ ಇದು ಗೊತ್ತಾಗುವುದೇ ಇಲ್ಲ. ಅದಕ್ಕೇ ಹೇಳುವುದು, ನಿಮ್ಮ ಲೆನ್ಸ್ ತೆಗೆದುಕೊಂಡು ಹೋಗಿ.

ಅಂಗೈ ತುಂಬುವ ಈ ಗ್ರಿಪ್ ಮೊದಲಿನಿಂದ ಇದ್ದದ್ದಲ್ಲ. ಹಳೆಯ ಫಿಲ್ಮ್ ಎಸ್‌ಎಲ್‌ಆರ್‌ಗಳು (ಲೆನ್ಸ್ ಕಾಣುವುದನ್ನೇ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಕ್ಯಾಮೆರಾಗಳು) ಮುಂದೆ ಹೆಚ್ಚುಕಡಿಮೆ ಚಪ್ಪಟೆ. 1980ರ ನಿಕಾನ್ ಎಫ್3 ಕ್ಯಾಮೆರಾದಲ್ಲಿ, ಕಾರುಗಳ ವಿನ್ಯಾಸಕ್ಕೆ ಹೆಸರಾದ ಇಟಲಿಯ ಜುಜಾರೊ ಕೈಯಿಂದ ಒಂದು ಸಣ್ಣ ಉಬ್ಬು ಬಂತು, ಪಕ್ಕದಲ್ಲಿ ಕೆಂಪು ಗೆರೆಯೊಂದಿಗೆ. 1986ರಲ್ಲಿ ಕ್ಯಾನನ್ ಟಿ90 ಬಂತು. ಅದರ ರೂಪದಲ್ಲಿ ಜರ್ಮನಿಯ ವಿನ್ಯಾಸಕ ಲುಯಿಜಿ ಕೊಲಾನಿ ಪಾಲಿದೆ. ಮೂಲೆಗಳೇ ಇಲ್ಲದ ಗುಂಡನೆಯ ಮೈ, ಕೈಗೆ ಒಗ್ಗುವ ಹಿಡಿ, ಶಟರ್ ಬಟನ್ ಹಿಂದೆಯೇ ತೋರುಬೆರಳಿಗೆ ಸಿಗುವ ಡಯಲ್. ಇವತ್ತು ನಿಮ್ಮ ಕೈಯಲ್ಲಿರುವ ಕ್ಯಾಮೆರಾದಲ್ಲೂ ಆ ಮೂರೂ ಇರುವ ಸಾಧ್ಯತೆ ಜಾಸ್ತಿ.

ಇನ್ನು ತೂಕ. ಎಲ್ಲರೂ ಬಾಡಿಯ ಗ್ರಾಂ ಲೆಕ್ಕ ಕೇಳುತ್ತಾರೆ. ಬ್ಯಾಟರಿ, ಕಾರ್ಡ್ ಸೇರಿ ನಿಕಾನ್ ಡಿ850 ಸುಮಾರು 1005 ಗ್ರಾಂ, ಸೋನಿ ಎ7ರ ಮೂರನೇ ಆವೃತ್ತಿ ಸುಮಾರು 650 ಗ್ರಾಂ. ವ್ಯತ್ಯಾಸ ದೊಡ್ಡದೇ. ಆದರೆ ಎರಡಕ್ಕೂ ದೂರದ್ದನ್ನು ಹತ್ತಿರ ತರುವ 70-200 ಎಂಎಂ ಎಫ್/2.8 ಝೂಮ್ ಲೆನ್ಸ್ ಹಾಕಿ ನೋಡಿ. ಅದೊಂದೇ ಒಂದರಿಂದ ಒಂದೂವರೆ ಕೆಜಿ ತೂಗುತ್ತದೆ. ಹಗುರ ಬಾಡಿಗೆ ಅದು ಸೇರಿದಾಗ ಒಟ್ಟು ತೂಕ ಕಡಿಮೆಯೇ, ಆದರೆ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ. ತುಂಬಿದ ಬಕೆಟನ್ನು ಮೈಗೆ ಹತ್ತಿರ ಹಿಡಿದರೆ ಒಂದು ಭಾರ, ಕೈ ಚಾಚಿ ಹಿಡಿದರೆ ಇನ್ನೊಂದು ಭಾರ, ಅಲ್ವಾ? ಇಲ್ಲೂ ಹಾಗೆಯೇ. ಲೆನ್ಸ್ ಹಾಕಿದ ಕ್ಯಾಮೆರಾವನ್ನು ಎಡಗೈ ಬೆರಳುಗಳ ಮೇಲಿಟ್ಟು ಎಲ್ಲಿ ಸಮ ತೂಗುತ್ತದೆ ಎಂದು ಹುಡುಕಿ. ಝೂಮ್ ರಿಂಗ್ ಆ ಜಾಗದಲ್ಲೇ ಇದ್ದರೆ ಅದೃಷ್ಟ. ಎಡಗೈ ಭಾರವನ್ನೂ ಹೊರುತ್ತದೆ, ಝೂಮನ್ನೂ ತಿರುಗಿಸುತ್ತದೆ. ರಿಂಗ್ ದೂರ ಇದ್ದರೆ ಪ್ರತಿ ಸಲ ಕೈ ಜರುಗಬೇಕು, ಆಗೆಲ್ಲ ಬಲ ಮಣಿಕಟ್ಟಿಗೆ ಪೆಟ್ಟು.

ಈಗ ಆನ್ ಮಾಡಿ, ವ್ಯೂಫೈಂಡರ್‌ಗೆ, ಅಂದರೆ ಇಣುಕಿ ನೋಡುವ ಕಿಂಡಿಗೆ, ಕಣ್ಣು ಇಡಿ. ನನ್ನ ಲೆಕ್ಕದಲ್ಲಿ ನಿಜವಾದ ಪರೀಕ್ಷೆ ಇದು. ಕಣ್ಣು ತೆಗೆಯದೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎನ್ನುವ ಅಂಕಿ) ಬದಲಿಸಿ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಬದಲಿಸಿ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧ ಮಾಡಿ. ಫೋಕಸ್ ಪಾಯಿಂಟನ್ನು (ಕ್ಯಾಮೆರಾ ಸ್ಪಷ್ಟ ಮಾಡುವ ಜಾಗದ ಗುರುತು) ಎಡ ಮೂಲೆಗೆ ಒಯ್ದು ಮತ್ತೆ ನಡುವಿಗೆ ತನ್ನಿ. ಎಷ್ಟು ಸಲ ಕಣ್ಣು ತೆಗೆದಿರಿ ಎಂದು ಎಣಿಸಿ. ಹೊಸ ಕ್ಯಾಮೆರಾದಲ್ಲಿ ಮೊದಲ ದಿನ ಎಲ್ಲರೂ ತಡವರಿಸುತ್ತಾರೆ, ಅದು ಸಹಜ. ನೀವು ಗಮನಿಸಬೇಕಾದದ್ದು ಬೇರೆ. ಬೆರಳಿಗೆ ಬಟನ್‌ಗಳ ನಡುವೆ ವ್ಯತ್ಯಾಸ ತಿಳಿಯುತ್ತದಾ? ಒಂದೇ ಎತ್ತರ, ಒಂದೇ ಆಕಾರದ ಮೂರು ಬಟನ್ ಸಾಲಾಗಿದ್ದರೆ ವರ್ಷ ಕಳೆದರೂ ಗೊಂದಲ ತಪ್ಪುವುದಿಲ್ಲ. ಒಂದರ ಮೇಲೆ ಚಿಕ್ಕ ಉಬ್ಬು ಇದ್ದರೆ ಸಾಕು, ಬೆರಳು ವಾರದಲ್ಲಿ ಕಲಿತುಬಿಡುತ್ತದೆ.

ಡಯಲ್‌ಗಳ ಬಗ್ಗೆ ನನಗೆ ಒಂದು ಕಹಿ ಅನುಭವ ಇದೆ. ಒಂದು ಕ್ಯಾಮೆರಾದಲ್ಲಿ, ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಡಯಲ್‌ಗೆ ಲಾಕ್ ಇರಲಿಲ್ಲ, ತುಂಬಾ ಸಡಿಲವೂ ಆಗಿತ್ತು. ಬ್ಯಾಗಿನಿಂದ ತೆಗೆಯುವಾಗ ಬಟ್ಟೆಗೆ ಉಜ್ಜಿ ಮೈನಸ್ ಎರಡಕ್ಕೆ ಹೋಗಿತ್ತು. ಅವಸರದಲ್ಲಿ ನಾನು ನೋಡಲಿಲ್ಲ. ಕಾರ್ಯಕ್ರಮದ ಮೊದಲ ಅರ್ಧ ಗಂಟೆಯ ಚಿತ್ರಗಳೆಲ್ಲ ಕತ್ತಲು. ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ರಾ ಫೈಲ್ ಇದ್ದದ್ದರಿಂದ ಕೆಲವು ಉಳಿದವು, ಎಲ್ಲವೂ ಅಲ್ಲ. ಆ ದಿನದಿಂದ ಯಾವ ಕ್ಯಾಮೆರಾ ಸಿಕ್ಕರೂ ಪ್ರತಿ ಡಯಲನ್ನು ಅಂಗಿಯ ತೋಳಿಗೆ ಉಜ್ಜಿ ನೋಡುತ್ತೇನೆ. ಲಾಕ್‌ನಲ್ಲೂ ಎರಡು ಬಗೆ ಇದೆ. ಒಮ್ಮೆ ಒತ್ತಿದರೆ ಬಿಡುಗಡೆ, ಮತ್ತೆ ಒತ್ತಿದರೆ ಬಿಗಿ ಆಗುವಂಥದ್ದು ಒಳ್ಳೆಯದು. ತಿರುಗಿಸುವಷ್ಟು ಹೊತ್ತೂ ಒತ್ತಿ ಹಿಡಿಯಬೇಕಾದ ಲಾಕ್ ಕೆಲಸಕ್ಕೆ ಅಡ್ಡಿ.

ಕನ್ನಡಕ ಹಾಕುವವರು ಐಪಾಯಿಂಟ್ ಅಂಕಿ ನೋಡಲೇಬೇಕು. ವ್ಯೂಫೈಂಡರ್‌ನ ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಎನ್ನುವ ಅಳತೆ ಅದು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12ರಿಂದ 14 ಮಿಲಿಮೀಟರ್ ದೂರ ಕೂರುತ್ತದೆ. ಅದರ ಮೇಲೆ ಗಾಜಿನ ದಪ್ಪ, ರಬ್ಬರ್ ಕಪ್ಪಿನ ದಪ್ಪ. ಹಾಗಾಗಿ ಐಪಾಯಿಂಟ್ 20 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಮೂಲೆಗಳು ಕಾಣೆಯಾಗುತ್ತವೆ, ಅಲ್ಲೇನಿದೆ ಎಂದು ನೋಡಲು ತಲೆ ಆಡಿಸಬೇಕಾಗುತ್ತದೆ. ಪರೀಕ್ಷಿಸುವ ಮುಂಚೆ, ವ್ಯೂಫೈಂಡರನ್ನು ನಿಮ್ಮ ಕಣ್ಣಿಗೆ ಸ್ಪಷ್ಟ ಕಾಣುವಂತೆ ಹೊಂದಿಸುವ ಡಯಾಪ್ಟರ್ ಚಕ್ರ ಸರಿ ಮಾಡಿಕೊಳ್ಳಿ. ಮಸುಕು ಕಂಡಿತೆಂದು ಒಳ್ಳೆಯ ವ್ಯೂಫೈಂಡರನ್ನೇ ಬೇಡ ಅಂದವರನ್ನು ನೋಡಿದ್ದೇನೆ.

ಎಡಗಣ್ಣಿನಲ್ಲಿ ನೋಡುವವರ ಪಾಡು ಯಾರೂ ಬರೆಯುವುದಿಲ್ಲ. ಅವರ ಮೂಗು ನೇರ ಸ್ಕ್ರೀನ್ ಮೇಲೆ ಕೂರುತ್ತದೆ. ಟಚ್‌ನಿಂದ ಫೋಕಸ್ ಪಾಯಿಂಟ್ ಜರುಗಿಸುವ ಸೌಲಭ್ಯ ಆನ್ ಇದ್ದರೆ, ಮೂಗೇ ಅದನ್ನು ಜರುಗಿಸಿಬಿಡುತ್ತದೆ. ಬಲ ಹೆಬ್ಬೆರಳಿಗೂ ಕೆನ್ನೆಗೂ ಜಗಳ ಬೇರೆ. ಟಚ್ ಕೆಲಸ ಮಾಡುವ ಭಾಗವನ್ನು ಮೂಗು ತಾಗದ ಕಡೆಗೆ ಸೀಮಿತಗೊಳಿಸುವ ಆಯ್ಕೆ ಕೆಲವು ಕ್ಯಾಮೆರಾಗಳಲ್ಲಿದೆ. ಇಲ್ಲದಿದ್ದರೆ ಟಚ್ ಆಫ್ ಮಾಡಿ, ಫೋಕಸ್ ಪಾಯಿಂಟ್ ಜರುಗಿಸುವ ಜಾಯ್‌ಸ್ಟಿಕ್ ಇರುವ ಬಾಡಿಯನ್ನೇ ಆರಿಸಿ.

ಬ್ರಾಂಡ್ ಬದಲಿಸುವವರಿಗೆ ಒಂದು ಮಾತು. ನಿಕಾನ್ ಮತ್ತು ಕ್ಯಾನನ್ ಲೆನ್ಸ್‌ಗಳ ಝೂಮ್ ರಿಂಗ್ ಒಂದರದ್ದು ಒಂದಕ್ಕೆ ಉಲ್ಟಾ ತಿರುಗುತ್ತದೆ. ಲೆನ್ಸ್ ಹಾಕಿ ತೆಗೆಯುವ ದಿಕ್ಕೂ ಉಲ್ಟಾ. ಡಯಲ್‌ಗಳ ದಿಕ್ಕನ್ನು ಎಷ್ಟೋ ಕ್ಯಾಮೆರಾಗಳಲ್ಲಿ ಮೆನುವಿನಲ್ಲೇ ತಿರುಗಿಸಬಹುದು, ಝೂಮ್ ರಿಂಗಿಗೆ ಅಂಥ ದಾರಿಯಿಲ್ಲ. ಹತ್ತು ವರ್ಷ ಒಂದರಲ್ಲಿ ಪಳಗಿದ ಕೈಗೆ ಇದು ಸಣ್ಣ ತೊಡಕಲ್ಲ. ಮುಖ್ಯವಾದ ಕೆಲಸದ ಹಿಂದಿನ ದಿನ ಬ್ರಾಂಡ್ ಬದಲಿಸಬೇಡಿ, ದಯವಿಟ್ಟು.

ಕ್ಯಾಮೆರಾ ತಳಕ್ಕೆ ಬಿಗಿಯುವ ಟ್ರೈಪಾಡ್ ಪ್ಲೇಟ್ ಹಾಕಿದಾಗ ಬ್ಯಾಟರಿ ಬಾಗಿಲು ತೆರೆಯುತ್ತದಾ ಎಂದೂ ಒಮ್ಮೆ ನೋಡಿಬಿಡಿ. ಎರಡು ನಿಮಿಷದ ಕೆಲಸ.

ಕೊನೆಗೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಐದು ನಿಮಿಷ ಹಿಡಿಯಿರಿ. ಬಲ ಮೊಣಕೈ ಮೇಲೇಳುತ್ತದೆ, ಭುಜ ದಣಿಯುತ್ತದೆ. ಭಾವಚಿತ್ರ ಜಾಸ್ತಿ ತೆಗೆಯುವವರಿಗೆ ಬ್ಯಾಟರಿ ಗ್ರಿಪ್ (ತಳಕ್ಕೆ ಸೇರಿಸುವ, ಉದ್ದಕ್ಕೆ ಹಿಡಿದಾಗಲೂ ಶಟರ್ ಬಟನ್ ಕೈಗೆ ಸಿಗುವ ಹಿಡಿ) ಸಿಗುವ ಬಾಡಿಯೇ ಸರಿ. ಮತ್ತೆ, ಇನ್ನೊಬ್ಬರ ವಿಮರ್ಶೆ ಓದುವಾಗ ನೆನಪಿಡಿ, ಅವರ ಅಂಗೈ ನಿಮ್ಮದಲ್ಲ. ನನಗೆ ಹಿತವಾದ ದೊಡ್ಡ ಗ್ರಿಪ್‌ನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬರ ತೋರುಬೆರಳು ಶಟರ್ ಬಟನ್‌ಗೆ ಎಟುಕುತ್ತಲೇ ಇರಲಿಲ್ಲ. ನಾನು ಹೊಗಳಿದ್ದನ್ನು ನಂಬಿ ಕೊಂಡಿದ್ದರು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಈಗಾಗಲೇ ಕೊಂಡಾಗಿದೆ, ಏನು ಮಾಡಲಿ ಎನ್ನುವವರಿಗೂ ದಾರಿ ಇದೆ. ಕಿರುಬೆರಳು ಜಾರುತ್ತಿದ್ದರೆ ತಳಕ್ಕೆ ತಿರುಪಿನಿಂದ ಕೂರಿಸುವ ಗ್ರಿಪ್ ಎಕ್ಸ್‌ಟೆನ್ಶನ್ ಸಿಗುತ್ತದೆ, ಒಂದು ಸೆಂಟಿಮೀಟರ್ ಎತ್ತರ ಹೆಚ್ಚಿದರೂ ಸಾಕು. ಹೆಬ್ಬೆರಳಿಗೆ ಆನಿಕೆ ಇಲ್ಲದಿದ್ದರೆ ಫ್ಲ್ಯಾಶ್ ಕೂರುವ ಜಾಗಕ್ಕೆ ಸಿಕ್ಕಿಸುವ ಥಂಬ್ ರೆಸ್ಟ್ ಬರುತ್ತದೆ. ಐಎಸ್‌ಒ ಬಟನ್ ಕೈಗೆ ಸಿಗದಿದ್ದರೆ, ನೀವು ಬಳಸದ ವಿಡಿಯೋ ಬಟನ್‌ಗೆ ಆ ಕೆಲಸ ಕೊಡಿ. ಎಲ್ಲವನ್ನೂ ಹೊಂದಿಸಿಕೊಂಡ ಮೇಲೆ, ಕಾರ್ಡ್‌ಗೆ ಸೆಟ್ಟಿಂಗ್ ಉಳಿಸುವ ಆಯ್ಕೆ ಮೆನುವಿನಲ್ಲಿದ್ದರೆ ಅದರ ಒಂದು ಪ್ರತಿ ಇಟ್ಟುಕೊಳ್ಳಿ. ಕ್ಯಾಮೆರಾ ರಿಪೇರಿಗೆ ಹೋಗಿ ಬಂದಾಗ ಅದೆಲ್ಲ ಅಳಿಸಿಹೋಗಿರಬಹುದು.