ಮೂಗಿನ ಮೂಲಕ ಪಿಟ್ಯುಟರಿ ಆಪರೇಷನ್ ಆಯಿತು, ಆಂಟಿಬಯೋಟಿಕ್ ಯಾಕೆ ಬರೆದುಕೊಡಲಿಲ್ಲ?

ಪ್ರಶ್ನೆ: ನಮ್ಮ ಅಣ್ಣನಿಗೆ ಬೆಂಗಳೂರಿನಲ್ಲಿ ಮೂಗಿನ ಮೂಲಕ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ತೆಗೆದರು. ಡಿಸ್ಚಾರ್ಜ್ ಚೀಟಿಯಲ್ಲಿ ಆಂಟಿಬಯೋಟಿಕ್ ಇಲ್ಲ. ಬರೆಯೋದು ಮರೆತರಾ? ಇಲ್ಲೇ ದಾವಣಗೆರೆಯಲ್ಲಿ ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನದ ಕೋರ್ಸ್ ಕೊಡಿಸಬಹುದಾ?

ಮರೆತಿಲ್ಲ. ನೀವಾಗಿ ಕೊಡಿಸಬೇಡಿ.

ಇದೇ ಪ್ರಶ್ನೆಯನ್ನು ಹರಿಹರದವರು ಕೇಳುತ್ತಾರೆ, ಹೊಳಲ್ಕೆರೆಯವರು ಕೇಳುತ್ತಾರೆ. ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅರ್ಧ ಖಾಲಿಯಾದ ಮಾತ್ರೆಯ ಶೀಟು ಹಿಡಿದು ಬಂದಿರುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ನಿಮ್ಮ ಅಣ್ಣನಿಗೆ ಬೇಕಾದ ಆಂಟಿಬಯೋಟಿಕ್ ಆಪರೇಷನ್ ಥಿಯೇಟರಿನಲ್ಲೇ ಸಿಕ್ಕಿರುತ್ತದೆ. ಉಪಕರಣ ಮೂಗಿಗೆ ಹೋಗುವ ಮುಂಚಿನ ಒಂದು ಗಂಟೆಯೊಳಗೆ ಅದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹೆಚ್ಚಾಗಿ ಬಳಸುವುದು ಸೆಫಜೋಲಿನ್, ದೊಡ್ಡವರಿಗೆ 2 ಗ್ರಾಂ. ಆಪರೇಷನ್ 4 ಗಂಟೆ ದಾಟಿದರೆ ಇನ್ನೊಂದು ಡೋಸ್. ಪೆನಿಸಿಲಿನ್‌ಗೆ ತೀವ್ರ ಅಲರ್ಜಿ ಇರುವವರಿಗೆ ವ್ಯಾಂಕೊಮೈಸಿನ್‌ನಂಥ ಬೇರೆ ಔಷಧ. ಇಷ್ಟೆಲ್ಲ ನಡೆಯುವಾಗ ರೋಗಿಗೆ ಎಚ್ಚರವಿರುವುದಿಲ್ಲ, ಮನೆಯವರು ಹೊರಗಿರುತ್ತಾರೆ. ಹಾಗಾಗಿ ಕೊಟ್ಟೇ ಇಲ್ಲ ಎಂದುಕೊಳ್ಳುತ್ತಾರೆ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. ‘ಮೂಗು ಗಲೀಜು ಜಾಗ ಡಾಕ್ಟ್ರೇ, ಅಲ್ಲಿಂದ ಮಿದುಳಿನ ತನಕ ದಾರಿ ಮಾಡಿದ್ದಾರೆ. ಒಂದು ವಾರನಾದ್ರೂ ಮಾತ್ರೆ ಬೇಡವಾ?’ ಮೂಗಿನಲ್ಲಿ ಬ್ಯಾಕ್ಟೀರಿಯಾ ಇರುವುದು ನಿಜ. ಆರೋಗ್ಯವಾಗಿರುವ ಐದು ಜನರಲ್ಲಿ ಸುಮಾರು ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಾಯಂ ಆಗಿ ವಾಸವಿರುತ್ತದೆ. ಆದರೆ ಒಂದು ವಾರವಲ್ಲ, ಒಂದು ತಿಂಗಳು ಮಾತ್ರೆ ನುಂಗಿದರೂ ಮೂಗು ಬ್ಯಾಕ್ಟೀರಿಯಾ ಇಲ್ಲದ ಜಾಗ ಆಗುವುದಿಲ್ಲ. ಔಷಧಕ್ಕೆ ಬಗ್ಗುವವು ಸಾಯುತ್ತವೆ, ಬಗ್ಗದವು ಆ ಖಾಲಿ ಜಾಗವನ್ನು ತುಂಬಿಕೊಳ್ಳುತ್ತವೆ. ನಾಳೆ ನಿಜವಾಗಿ ಸೋಂಕಾದರೆ ಎದುರಿಗೆ ನಿಲ್ಲುವುದು ಅವೇ.

ಇದು ನನ್ನ ಸ್ವಂತ ಅಭಿಪ್ರಾಯವೇನಲ್ಲ. 1961ರಲ್ಲಿ ಜಾನ್ ಬರ್ಕ್ ಎಂಬ ಅಮೆರಿಕದ ಸರ್ಜನ್ ಗಿನಿಪಿಗ್‌ಗಳ ಚರ್ಮಕ್ಕೆ ಬ್ಯಾಕ್ಟೀರಿಯಾ ಚುಚ್ಚಿ, ಬೇರೆ ಬೇರೆ ಹೊತ್ತಿನಲ್ಲಿ ಆಂಟಿಬಯೋಟಿಕ್ ಕೊಟ್ಟು ನೋಡಿದರು. ಬ್ಯಾಕ್ಟೀರಿಯಾ ಒಳಹೋಗುವ ಮೊದಲೇ ಔಷಧ ಮೈಯಲ್ಲಿದ್ದರೆ ಸೋಂಕು ಅಲ್ಲೇ ಅಡಗಿತು. ಮೂರು ಗಂಟೆ ಕಳೆದು ಕೊಟ್ಟಿದ್ದಕ್ಕೂ ಕೊಡದೇ ಇದ್ದದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. 1992ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಬೇರೆ ಬೇರೆ ಆಪರೇಷನ್ ಆದ 2847 ರೋಗಿಗಳ ಲೆಕ್ಕ ತೆಗೆದಾಗಲೂ ಅದೇ ಕಂಡಿತು. ಕೊಯ್ಯುವ ಮುಂಚಿನ 2 ಗಂಟೆಯೊಳಗೆ ಔಷಧ ಪಡೆದವರಲ್ಲಿ ಗಾಯದ ಸೋಂಕು ಶೇ. 0.6, ತಡವಾಗಿ ಆಪರೇಷನ್ ನಂತರ ಪಡೆದವರಲ್ಲಿ ಶೇ. 3.3. ಶೇಂಗಾ ಬಿತ್ತುವ ಚಳ್ಳಕೆರೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೀಜೋಪಚಾರ ಬಿತ್ತುವ ಮುಂಚೆ ಮಾಡುವ ಕೆಲಸ. ಆಪರೇಷನ್ ಮುಗಿದ ಮೇಲೆ ಇಂಥ ಮುನ್ನೆಚ್ಚರಿಕೆಯ ಔಷಧವನ್ನು ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ.

ಹಾಗಾದರೆ ಮಿದುಳಿನ ಪೊರೆಗೆ ಸೋಂಕು ತಗಲುವುದೇ ಇಲ್ಲವೇ? ತಗಲುತ್ತದೆ, ಅಪರೂಪಕ್ಕೆ. ಅದಕ್ಕೆ ಮುಖ್ಯ ಕಾರಣ ಮಿದುಳಿನ ಸುತ್ತಲಿನ ದ್ರವ ಮೂಗಿಗೆ ಸೋರುವುದು. ಅದನ್ನು ತಡೆಯಲು ಸರ್ಜನ್ ಹೊಟ್ಟೆಯ ಕೊಬ್ಬನ್ನೋ, ತೊಡೆಯ ಪೊರೆಯನ್ನೋ, ಮೂಗಿನ ನಡುಗೋಡೆಯ ಲೋಳೆಪೊರೆಯನ್ನೋ ಇಟ್ಟು ತೂತು ಮುಚ್ಚಿರುತ್ತಾರೆ. ರಕ್ಷಣೆ ಇರುವುದು ಆ ಮುಚ್ಚಳದಲ್ಲಿ. ಅದು ಕೂಡಿಕೊಳ್ಳುವವರೆಗೆ ಸಿಂಬಳ ತೆಗೆಯಲು ಮೂಗಿನಿಂದ ಗಾಳಿ ಊದಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಮಲಬದ್ಧತೆಗೆ ಬಿಡಬಾರದು, ಭಾರ ಎತ್ತಬಾರದು. ಮುಂದೆ ಬಾಗಿದಾಗ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪುಪ್ಪಾಗಿ ಇಳಿದಂತಾದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ನೆಗಡಿ ಇರಬೇಕು ಎಂದು ಕಾಯಬೇಡಿ.

ಸ್ವಂತ ಬುದ್ಧಿಯ ಮಾತ್ರೆ ದೊಡ್ಡ ಹಾನಿ ಮಾಡುವುದು ಇಲ್ಲೇ. ಅರೆಬರೆ ಔಷಧದಿಂದ ಜ್ವರ ತಗ್ಗುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಬೆನ್ನಿನಿಂದ ನೀರು ತೆಗೆದು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸಿದರೆ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಮೇಲೆ ಯಾವ ಔಷಧ ಕೊಡಬೇಕೆಂದು ವೈದ್ಯರು ಊಹಿಸುತ್ತಾ ಕೂರಬೇಕು.

ಒಂದು ಮಾತು ಸ್ಪಷ್ಟವಿರಲಿ. ಮೂಗಿನಲ್ಲಿ ಪ್ಯಾಕ್ ಇದೆ ಎಂದೋ, ಸೈನಸ್‌ನಲ್ಲಿ ಕೀವು ಸಿಕ್ಕಿತು ಎಂದೋ ನಿಮ್ಮ ಸರ್ಜನ್ ಕೆಲವು ದಿನಕ್ಕೆ ಆಂಟಿಬಯೋಟಿಕ್ ಬರೆದಿದ್ದರೆ ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಇದನ್ನು ಓದಿ ನಿಲ್ಲಿಸಬೇಡಿ.

ಇನ್ನು, ನೀವು ಕೇಳದಿದ್ದರೂ ನನ್ನನ್ನು ಹೆಚ್ಚು ಕಾಡುವ ವಿಷಯ. ಚೀಟಿಯಲ್ಲಿಲ್ಲದ ಆಂಟಿಬಯೋಟಿಕ್ ಹುಡುಕಿಕೊಂಡು ಹೋಗುವ ಮನೆಯವರೇ ಚೀಟಿಯಲ್ಲಿರುವ ಹೈಡ್ರೊಕಾರ್ಟಿಸೋನನ್ನು ‘ಸ್ಟಿರಾಯ್ಡ್ ಅಂತೆ, ಒಳ್ಳೇದಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಜೀವಕ್ಕೆ ಬೇಕೇ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನ್ ಮಾಡು ಎಂದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೇಳುವುದೇ ಪಿಟ್ಯುಟರಿ. ಅದು ಚೇತರಿಸಿಕೊಳ್ಳುವವರೆಗೆ ಕಾರ್ಟಿಸಾಲ್‌ನ ಜಾಗ ತುಂಬುವ ಆ ಮಾತ್ರೆಯೇ ಆಧಾರ. ತಟ್ಟನೆ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಕುಸಿತ, ಜೀವಕ್ಕೇ ಅಪಾಯ. ಜ್ವರ ಬಂದಾಗ ಡೋಸ್ ಹೆಚ್ಚಿಸಬೇಕಾಗುತ್ತದೆ, ಎಷ್ಟು ಎಂಬುದನ್ನು ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ.

ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶದ ವಿಷಯವೂ ಹಾಗೆಯೇ ಕಾಡುತ್ತದೆ. ಊರಿಗೆ ಬಂದ ಮೇಲೆ, ಆಪರೇಷನ್ ಆದ ನಾಲ್ಕರಿಂದ ಹತ್ತು ದಿನದೊಳಗೆ ಕೆಲವರಿಗೆ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಮಂಕು, ತಪ್ಪು ತಪ್ಪು ಮಾತು. ‘ಆಪರೇಷನ್ ಆಗಿದೆ, ನೀರು ಚೆನ್ನಾಗಿ ಕುಡಿ’ ಎಂದು ಮನೆಯವರು ಪ್ರೀತಿಯಿಂದ ಕುಡಿಸಿದ ನೀರು ಅದನ್ನು ಇನ್ನೂ ಇಳಿಸುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಬಾಯಾರಿದಷ್ಟು ಕುಡಿದರೆ ಸಾಕು. ಸೀರಂ ಸೋಡಿಯಂ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿಲ್ಲ, ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಆಗುತ್ತದೆ. ಏಳನೇ ದಿನದ ಆಸುಪಾಸಿನಲ್ಲಿ ಒಮ್ಮೆ ಮಾಡಿಸಿ, ಆಪರೇಷನ್ ಮಾಡಿದವರಿಗೆ ಅದೇ ದಿನ ರಿಪೋರ್ಟ್ ತಲುಪಿಸಿ.